ಹರವಿಯ ತಂಪು

ಕೊಪ್ಪಳ ಸೀಮೆಯ ಹಿಟ್ನಾಳದ ಬೇಸಿಗೆಯಲ್ಲಿ ಫ್ರಿಜ್ಜಿನ ನೀರಿಗಿಂತ ಮಣ್ಣಿನ ಹರವಿಯ ನೀರೇ ನನಗೆ ಮೇಲು. ಹಲ್ಲು ಜುಮ್ಮೆನ್ನುವುದಿಲ್ಲ, ದಾಹ ಮಾತ್ರ ಪೂರ್ತಿ ತೀರುತ್ತದೆ.

ಕರೆಂಟಿಲ್ಲದೆ ತಂಪು ಮಾಡುವ ಇನ್ನೊಂದು ಜಾಣತನವೂ ಉಂಟು, ದೋಣಿಗಳಲ್ಲಿ ಕೂಡಿಸುವ ಗ್ಯಾಸ್ ಫ್ರಿಜ್. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದದ್ದು. ಸಣ್ಣ ಉರಿಯೊಂದು ನೀರಿನಲ್ಲಿ ಬೆರೆತ ಅಮೋನಿಯಾವನ್ನು ಆವಿಯಾಗಿ ಎಬ್ಬಿಸುತ್ತದೆ. ಅದು ದ್ರವವಾಗಿ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಬಿಸಿಯನ್ನು ಹೀರುತ್ತದೆ. ಮೋಟಾರಿಲ್ಲ, ಸದ್ದಿಲ್ಲ. ಆದರೆ ಹಿಂಬದಿಯ ಬಿಸಿಗಾಳಿಗೆ ಕೆಳಗೊಂದು, ಮೇಲೊಂದು ಕಿಂಡಿ ಬೇಕು. ಉರಿಯ ಹೊಗೆಗೆ ಹೊರಗೆ ಹೋಗುವ ಕೊಳವೆ ಬೇಕು. ಇಲ್ಲದಿದ್ದರೆ ತಂಪೂ ಇಲ್ಲ, ಜೀವಕ್ಕೂ ಅಪಾಯ.

ಹರವಿಯೂ ಗಾಳಿಯನ್ನೇ ನಂಬಿದೆ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರುವಾಗ ಒಳಗಿನ ಬಿಸಿಯನ್ನು ಒಯ್ಯುತ್ತದೆ. 20 ಲೀಟರ್ ನೀರು 10 ಡಿಗ್ರಿ ಇಳಿಯಲು, ಲೆಕ್ಕದ ಪ್ರಕಾರ, ಲೀಟರಿನ ಮೂರನೇ ಒಂದು ಭಾಗ ಆರಿದರೆ ಸಾಕು! ಕೊಪ್ಪಳ ಸೀಮೆಯ ಒಣ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಮಣ್ಣಿಗೆ ಉಸುಕು ಬೆರೆಸಿ, ಹಲಗೆಯಿಂದ ಬಡಿದು ಒಡಲನ್ನು ತೆಳುವಾಗಿಸುವ ಕುಂಬಾರರ ಕೈಗೆ ನಾನು ಶರಣು.

ಹರವಿಯನ್ನು ಮೂಲೆಗೆ ತುರುಕಬೇಡಿ, ಬಣ್ಣ ಬಳಿಯಲೇಬೇಡಿ. ಗಾಳಿ ಆಡುವ ನೆರಳಲ್ಲಿ, ಹಸಿ ಉಸುಕಿನ ಮೇಲೆ ಇಡಿ. ಗಡಸು ನೀರಿನ ಉಪ್ಪು ಬಿಳಿಯಾಗಿ ಕಟ್ಟಿದರೆ ಬರಿಯ ತೆಂಗಿನ ನಾರಿನಿಂದ ತಿಕ್ಕಿ, ಸೋಪು ಬೇಡ.