ಐದು ಪ್ರಶ್ನೆಗಳಲ್ಲಿ ಅಳೆದ ಮನೆ

ತಮ್ಮ ಮನೆ ಹೇಗೆ ನಡೆಯುತ್ತಿದೆ ಎಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಲು ಹಲವು ದೇಶಗಳ ಸಂಶೋಧಕರು ಬಳಸುವ ಸಾಧನ ‘ಫ್ಯಾಮಿಲಿ ಅಪ್ಗಾರ್’. ಅಮೆರಿಕದ ವೈದ್ಯ ಗೇಬ್ರಿಯಲ್ ಸ್ಮಿಲ್ಕ್‌ಸ್ಟೀನ್ 1978ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿಯಲ್ಲಿರುವುದು ಐದೇ ಪ್ರಶ್ನೆ. ಕಷ್ಟಕಾಲದ ನೆರವು, ಕೂಡಿ ಮಾತಾಡುವುದು, ಹೊಸದನ್ನು ಕೈಗೊಳ್ಳಲು ಬೆಂಬಲ, ಪ್ರೀತಿ ತೋರುವ ಬಗೆ, ಜೊತೆಯಾಗಿ ಕಳೆಯುವ ಹೊತ್ತು ಇವೆಲ್ಲ ತೃಪ್ತಿ ತಂದಿವೆಯೇ ಎಂದು ಕೇಳಿ, ಪ್ರತಿ ಉತ್ತರಕ್ಕೆ 0, 1 ಅಥವಾ 2 ಅಂಕ ಕೊಡುತ್ತಾರೆ. ಒಟ್ಟು 7 ಅಥವಾ ಹೆಚ್ಚು ಬಂದರೆ ಮನೆ ಸುಸ್ಥಿತಿಯಲ್ಲಿದೆ. 3ಕ್ಕಿಂತ ಮೇಲೇರದಿದ್ದರೆ ತೀರಾ ಹದಗೆಟ್ಟಿದೆ. ಹೊರಗೆ ರೋಗಿಗಳು ಕಾಯುತ್ತಿರುವಾಗ ಮಾತಿಗೆ ದಾರಿ ಮಾಡಿಕೊಳ್ಳಲು ವೈದ್ಯರಿಗೆ ಇದು ಸಾಕು. ಅದೇ ಅಂಕಗಳನ್ನು ಕೂಡಿಸಿ, ಶೇಕಡಾ ಇಷ್ಟು ವಿದ್ಯಾರ್ಥಿಗಳ ಕುಟುಂಬಗಳು ಹದಗೆಟ್ಟಿವೆ ಎಂದು ಬರೆಯುವುದು ಮಾತ್ರ ಅತಿಯಾಯಿತು. ಕೈಗೆ ಸಿಕ್ಕಿರುವುದು ಮನೆಯ ಒಬ್ಬ ಸದಸ್ಯನ ತೃಪ್ತಿಯ ಲೆಕ್ಕ ಅಷ್ಟೇ.

ಯಾವ ಮನೆ ಎಂಬುದೂ ಇಲ್ಲಿ ತಿಳಿಯಾಗಿಲ್ಲ. ಸಾಮಾನ್ಯವಾಗಿ ಯಾರೊಡನೆ ವಾಸಿಸುತ್ತೀರೋ ಅವರೇ ಕುಟುಂಬ ಎಂದು ಪ್ರಶ್ನಾವಳಿ ಸೂಚಿಸುತ್ತದೆ. ಧಾರವಾಡದ ಹಾಸ್ಟೆಲಿನಲ್ಲಿರುವ ಹುಡುಗಿ ಇದನ್ನು ಅಕ್ಷರಶಃ ಪಾಲಿಸಿದರೆ ರೂಮಿನ ಗೆಳತಿಯರಿಗೆ ಅಂಕ ಹಾಕಬೇಕಾದೀತು! ಊರಲ್ಲಿರುವ ಅಪ್ಪ-ಅವ್ವ, ಫೀ ಕಟ್ಟುವ ಸೋದರಮಾವ, ಇವರಲ್ಲಿ ಯಾರನ್ನು ನೆನೆದು ಉತ್ತರಿಸಿದಳೆಂದು ಅಂಕಪಟ್ಟಿ ಹೇಳದು. ಬೇರೆ ಸೂರುಗಳಡಿ ಬದುಕುತ್ತಲೂ ಕುಟುಂಬಗಳು ಹೊಣೆ, ಹಣಕಾಸುಗಳಲ್ಲಿ ಕೂಡಿಯೇ ಇರಬಲ್ಲವೆಂದು ಸಮಾಜಶಾಸ್ತ್ರಜ್ಞ ಐ.ಪಿ. ದೇಸಾಯಿ ಗುಜರಾತಿನ ಮಹುವಾ ಪಟ್ಟಣದ ಅಧ್ಯಯನದಲ್ಲಿ 1964ರಷ್ಟು ಹಿಂದೆಯೇ ತೋರಿಸಿದ್ದರು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು: ಪ್ರಶ್ನೆಗಳೆಲ್ಲ ಮನೆಯಿಂದ ಪಡೆಯುವುದರ ಕುರಿತೇ ಇವೆ. ಓದಿದ ಮೊದಲ ತಲೆಮಾರಿನ ಹುಡುಗನೊಬ್ಬ ಅಪ್ಪನ ಬ್ಯಾಂಕ್ ಅರ್ಜಿ ತುಂಬುತ್ತಾನೆ, ತಮ್ಮನ ಕಾಲೇಜು ಆರಿಸುತ್ತಾನೆ, ಜಗಳ ಬಿಡಿಸಲು ಫೋನಿನಲ್ಲೇ ಪಂಚಾಯಿತಿ ನಡೆಸುತ್ತಾನೆ. ಆ ಮನೆಯನ್ನು ನಡೆಸುವವರಲ್ಲಿ ಅವನೂ ಒಬ್ಬ. ಈ ದುಡಿಮೆಗೆ ಅಲ್ಲಿ ಅಂಕವೇ ಇಲ್ಲ.

ವಿದ್ಯಾರ್ಥಿಯ ನೆಮ್ಮದಿಯನ್ನು ಕೆಡಿಸುವುದು ಅವನಿಗೆ ಕಂಡ ಮನೆಯೇ ತಾನೆ, ನಿಜಸ್ಥಿತಿ ಕಟ್ಟಿಕೊಂಡು ಏನಾಗಬೇಕು ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ, ಯಾರೂ ತನ್ನ ಮಾತು ಕೇಳುವುದಿಲ್ಲ ಎಂಬ ಭಾವನೆಯನ್ನು ಭ್ರಮೆಯೆಂದು ತಳ್ಳಿಹಾಕುವುದು ಕ್ರೌರ್ಯ. ಹಾಗಿದ್ದರೂ ಖಿನ್ನತೆಯಲ್ಲಿರುವವರಿಗೆ ಮನೆಯೂ ಮಂಕಾಗಿಯೇ ಕಾಣುತ್ತದೆ. ಒಂದೇ ಸಲದ ಸಮೀಕ್ಷೆಯಲ್ಲಿ ಖಿನ್ನತೆಯೂ ಕಡಿಮೆ ಅಂಕವೂ ಜೊತೆಗೆ ಕಂಡುಬಂದರೆ ಯಾವುದು ಕಾರಣ, ಯಾವುದು ಫಲ ಎಂದು ಹೇಳಲಾಗದು. ತಂದೆತಾಯಿಗಳ ಮೇಲೆ ತೀರ್ಪು ಮಾತ್ರ ಬಿದ್ದಿರುತ್ತದೆ. ಅದೇ ಐದು ಪ್ರಶ್ನೆಗಳನ್ನು ಅವ್ವನಿಗೂ ತಂಗಿಗೂ ಕೇಳುವುದು ದುಬಾರಿಯೇನಲ್ಲ. ಮೂವರ ಅಂಕ ಬೇರೆಬೇರೆಯಾದಾಗ ಸರಾಸರಿ ತೆಗೆಯುವ ಆತುರ ಬೇಡ. ಯಾರಿಗೆ ಕಡಿಮೆ, ಏಕೆ ಕಡಿಮೆ ಎಂದು ವಿಚಾರಿಸುವಲ್ಲಿಂದ ಸಂಶೋಧನೆ ಶುರುವಾಗಬೇಕು.