ಬಾಟಲಿಯ ಮೇಲಿನ ತುಳಸಿ

ಹೈದರಾಬಾದಿನಲ್ಲಿ ಕೆಮ್ಮಿಗೆ ಮದ್ದಿನ ಬರವಿಲ್ಲ. 1920ರಿಂದ ನಡೆದುಬಂದಿರುವ ಜಿಂದಾ ತಿಲಿಸ್ಮಾತ್‌ನ ಪುಟ್ಟ ಸೀಸೆ ಇದೆ. ನೀಲಗಿರಿ ಎಣ್ಣೆ, ಕರ್ಪೂರ, ಪುದೀನ ಹೂವಿನ ಘಾಟು ಮೂಗಿಗೆ ಬಡಿದರೆ ಸಾಕು, ಅರ್ಧ ನೆಗಡಿ ಹೋಯಿತೆನಿಸುತ್ತದೆ. ಚಾರ್‌ಮಿನಾರ್ ಪಕ್ಕದ ನಿಜಾಮಿಯಾ ಯುನಾನಿ ಆಸ್ಪತ್ರೆಯ ಹಕೀಮರ ಬಳಿ ಜೋಷಾಂದಾ ಕಷಾಯವಿದೆ, ಚಳ್ಳೆಹಣ್ಣಿನ ಲೇಹ್ಯವಿದೆ. ಕಾಚಿಗುಡದ ಕನ್ನಡದ ಮನೆಗಳಲ್ಲಿ ಶುಂಠಿ, ಮೆಣಸು, ಬೆಲ್ಲ ಇದ್ದೇ ಇರುತ್ತವೆ. ಆದರೂ ಕೆಮ್ಮು ಬಂದರೆ ಕೈ ಹೋಗುವುದು ಮೆಡಿಕಲ್ ಶಾಪಿನ ಹಸಿರು ಲೇಬಲ್ಲಿನ ಗಿಡಮೂಲಿಕೆ ಸಿರಪ್ಪಿನ ಕಡೆಗೇ.

ಈಗಂತೂ ಅದಕ್ಕೆ ಕಾರಣವೂ ಸಿಕ್ಕಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. "ಇಂಗ್ಲಿಷ್ ಔಷಧಿ ಬೇಡಪ್ಪ, ಗಿಡಮೂಲಿಕೆಯದ್ದೇ ಕೊಡಿ" ಎಂದು ತಂದೆತಾಯಿ ಕೇಳಿದರೆ ತಪ್ಪೆನ್ನುವುದು ಹೇಗೆ? ಆದರೆ ಅಲ್ಲಿ ಕೊಂದದ್ದು ಔಷಧಿಯಲ್ಲ, ಡೈಇಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆ ದ್ರಾವಕ. ತಮಿಳುನಾಡಿನ ಪರೀಕ್ಷೆಯಲ್ಲಿ ಅದು ಶೇ. 48.6ರಷ್ಟು ಸಿಕ್ಕಿತು. ಗಿಡಮೂಲಿಕೆಯ ಸಿರಪ್ಪೂ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಲೇಬಲ್ಲಿನ ಮೇಲೆ ತುಳಸಿ ಎಲೆ ಬರೆದ ಮಾತ್ರಕ್ಕೆ ಒಳಗಿನ ದ್ರವ ಶುದ್ಧವೆಂದು ನಂಬುವುದಕ್ಕಾಗುವುದಿಲ್ಲ.

ಇನ್ನು ಗುಣದ ಮಾತು. ಹೊಸದಾಗಿ ಬಂದ ಕೆಮ್ಮಿಗೆ ಬಹುಪಾಲು ವೈರಸ್ಸೇ ಕಾರಣ, ಅದು ತಾನಾಗಿಯೇ ಇಳಿಯುತ್ತದೆ. ಎಷ್ಟು ದಿನಕ್ಕೆ ಎಂಬಲ್ಲಿ ನಮ್ಮ ಲೆಕ್ಕ ತಪ್ಪುತ್ತದೆ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನ ಏಳರಿಂದ ಒಂಬತ್ತು ದಿನಕ್ಕೆ ವಾಸಿಯಾಗಬೇಕೆಂದುಕೊಂಡಿದ್ದರು. ಕೆಮ್ಮು ನಿಜವಾಗಿ ಇದ್ದದ್ದು ಸರಾಸರಿ 18 ದಿನ. ಐದನೇ ದಿನ ತಾಳ್ಮೆಗೆಟ್ಟು ಬಾಟಲಿ ತಂದು, ಹತ್ತನೇ ದಿನ ಕೆಮ್ಮು ಇಳಿದರೆ ಕೀರ್ತಿ ಬಾಟಲಿಗೆ ಹೋಗುತ್ತದೆ. ಎಷ್ಟೋ ಸಿರಪ್ಪುಗಳ ಹೆಸರು ಉಳಿದಿರುವುದು ಹೀಗೇ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕಲಾರೆ. ಜರ್ಮನಿಯಲ್ಲಿ ಥೈಮ್ ಮತ್ತು ಐವಿ ಎಲೆಯ ಸಿರಪ್ಪನ್ನು ಪರೀಕ್ಷಿಸಿದಾಗ ಏಳರಿಂದ ಒಂಬತ್ತನೇ ದಿನಗಳಲ್ಲಿ ಕೆಮ್ಮಿನ ದಾಳಿ ಶೇ. 68.7ರಷ್ಟು ಕಡಿಮೆಯಾಗಿತ್ತು. ಹುಸಿಮದ್ದು ಕುಡಿದವರಲ್ಲೂ ಶೇ. 47.6! ನಡುವಿನ ಅಂತರವಷ್ಟೇ ಗಿಡದ ಪಾಲು. ಅದೂ ಎರಡೇ ಗಿಡಗಳ, ಅಳತೆ ಗೊತ್ತಿರುವ ಸಾರದ ಪಾಲು. ನಮ್ಮ ಬಾಟಲಿಗಳಲ್ಲಿ ಆಡುಸೋಗೆ, ಹಿಪ್ಪಲಿ, ಜೇಷ್ಠಮಧು, ಶುಂಠಿ ಎಂದು ಸಾಲುಗಟ್ಟಿ ಬರುತ್ತವೆ. ಒಂದೊಂದೂ ಕೆಲಸ ಮಾಡುವಷ್ಟು ಇದೆಯೇ, ಹೆಸರಿಗೆ ಮಾತ್ರ ಬಿದ್ದಿದೆಯೇ? ಲೇಬಲ್ಲಿನ ಮಿಲಿಗ್ರಾಂ ಲೆಕ್ಕ ಓದಿದರೂ ಸಾಮಾನ್ಯ ಓದುಗನಿಗೆ ತಿಳಿಯದು. ಆಡುಸೋಗೆಯ ಕಥೆಯಂತೂ ವಿಚಿತ್ರ. ಅದರ ವಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಕೆಮ್ಮಿನ ಔಷಧಿ ಬಂತು. ಗಿಡಮೂಲಿಕೆಯೇ ಬೇಕೆಂದು ಹಟ ಹಿಡಿಯುವವರು ಬೇಡವೆನ್ನುವ ಕೆಲವು 'ಇಂಗ್ಲಿಷ್' ಸಿರಪ್ಪುಗಳಲ್ಲೂ ಆಡುಸೋಗೆಯ ಸಂತಾನವಿದೆ.

ನನ್ನ ತೀರ್ಪು ಹೀಗೆ: ಈ ಸಿರಪ್ಪುಗಳು ಗಂಟಲಿಗೆ ಹಿತ, ಕೆಮ್ಮಿಗೆ ಅಲ್ಪ ಆಸರೆ. ಹಿತ ಬಹುಮಟ್ಟಿಗೆ ಸಿಹಿಯದ್ದು, ಗಂಟಲನ್ನು ಲೇಪಿಸುವ ಮಂದ ಪಾಕದ್ದು. ಸಕ್ಕರೆ ಕಾಯಿಲೆಯವರು ಇದನ್ನು ಮರೆಯಬಾರದು. ಅಷ್ಟೇ ಹಿತ ಬೇಕಿದ್ದರೆ ಮಲಗುವ ಮುಂಚೆ ಒಂದು ಚಮಚ ಜೇನು ಸಾಕು. ಮಕ್ಕಳ ಕೆಮ್ಮಿಗೆ ಜೇನು ಏನೂ ಕೊಡದಿರುವುದಕ್ಕಿಂತ ಮೇಲೆಂದು 2018ರ ಕೊಕ್ರೇನ್ ಪರಿಶೀಲನೆಯೂ ಹೇಳಿದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಕೂಡದು, ಬೊಟುಲಿಸಮ್ ಅಪಾಯವಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಬೇಡವೆಂದು ಕೇಂದ್ರ ಆರೋಗ್ಯ ಸೇವಾ ಮಹಾನಿರ್ದೇಶನಾಲಯವೂ 2025ರ ಅಕ್ಟೋಬರಿನಲ್ಲಿ ಸೂಚಿಸಿದೆ.

ಸಿರಪ್ಪಿನ ನಿಜವಾದ ದೋಷ ಬೇರೆಯೇ ಇದೆ. ಒಂದು ಬಾಟಲಿ ಮುಗಿದರೆ ಇನ್ನೊಂದು, ಅದು ಹಿಡಿಸದಿದ್ದರೆ ಬೇರೆ ಕಂಪನಿಯದ್ದು ಎಂದು ತಿಂಗಳು ಕಳೆಯುತ್ತದೆ. ಎರಡು ವಾರ ದಾಟಿದ ಕೆಮ್ಮೆಲ್ಲ ಕ್ಷಯವಲ್ಲ, ಆದರೆ ಎರಡು ವಾರ ದಾಟಿದರೆ ಕಫ ಪರೀಕ್ಷೆ ಆಗಲೇಬೇಕೆಂಬುದು ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನಿಯಮ. ಎರ್ರಗಡ್ಡದ ಸರ್ಕಾರಿ ಎದೆರೋಗ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮೂರನೇ ಬಾಟಲಿ ಕೊಳ್ಳುವ ಮೊದಲು ಅಲ್ಲಿಗೆ ಹೋಗಿ ಬನ್ನಿ.