ಗುಜರಿಯಿಂದ ಮನೆಗೆ

ಶಿವಾಜಿನಗರದ ಗುಜರಿ ಗಲ್ಲಿಗೆ ಹೋದರೆ ನಾನು ಮೊದಲು ಹುಡುಕುವುದು ಸತ್ತ ಹಾರ್ಡ್ ಡಿಸ್ಕ್. ನಕ್ಷತ್ರಾಕಾರದ ಮೊನೆಯ ಸ್ಕ್ರೂಡ್ರೈವರ್ ಇದ್ದರೆ ಮುಚ್ಚಳ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ತಟ್ಟೆ ಮುಖ ನೋಡಿಕೊಳ್ಳುವಷ್ಟು ನುಣುಪು, ಕಾಫಿ ಲೋಟದ ಅಡಿಗಿಡಲು ಹೇಳಿ ಮಾಡಿಸಿದಂತಿದೆ. (ಲ್ಯಾಪ್‌ಟಾಪಿನದಾದರೆ ಗಾಜಿನದೂ ಇರಬಹುದು, ಬಗ್ಗಿಸಲು ಹೋದರೆ ಚೂರುಚೂರು.) ಅಸಲು ಆಸ್ತಿ ಮೂಲೆಯ ನಿಯೋಡಿಮಿಯಂ ಆಯಸ್ಕಾಂತ. ಡಿಸ್ಕ್ ಓದುವ ತೋಳನ್ನು ಅತ್ತಿತ್ತ ಆಡಿಸುತ್ತಿದ್ದ ಅದನ್ನು ತೆಳು ಹಲಗೆಯ ಹಿಂದೆ ಅಂಟಿಸಿ ಗೋಡೆಗೆ ಹೊಡೆದರೆ, ಅಡುಗೆಮನೆಯ ಚಾಕು, ಕತ್ತರಿ ಕಚ್ಚಿಕೊಂಡು ನಿಲ್ಲುತ್ತವೆ. ಬೆರಳು ಜೋಪಾನ: ಎರಡು ತುಂಡು ಒಂದಕ್ಕೊಂದು ಹಾರಿದರೆ ನಡುವಿನ ಚರ್ಮ ಬಿಡುವುದಿಲ್ಲ.

ವಾಷಿಂಗ್ ಮೆಷಿನ್ನಿನ ಸ್ಟೀಲ್ ಡ್ರಮ್ ಬೋರಲು ಹಾಕಿದರೆ ಸ್ಟೂಲು, ಒಳಗೆ ಬಲ್ಬ್ ಇಟ್ಟರೆ ಗೋಡೆ ತುಂಬ ಚುಕ್ಕಿ. ಚೆಂದವೇ, ಆದರೆ ಅದು ಇಂದಿರಾನಗರದ ಕೆಫೆಗೆ ಒಪ್ಪುವ ಚೆಂದ.

ನಾನು ಸೋಲುವುದು ಕಪ್ಪು ಡಯಲ್ ಫೋನಿಗೆ. ಕೆ.ಆರ್.ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ತಯಾರಿಸಿದ್ದಾದರೆ ಇನ್ನೂ ಖುಷಿ. ರಿಸೀವರ್ ಎತ್ತಿದಾಗ ಮೇಲೇಳುವ ಗುಂಡಿಯನ್ನೇ ಸ್ವಿಚ್ ಮಾಡಿಕೊಂಡರೆ ಎತ್ತಿದಾಗ ದೀಪ ಹತ್ತುತ್ತದೆ, ಇಟ್ಟಾಗ ಆರುತ್ತದೆ. ಅದಕ್ಕೆ 230 ವೋಲ್ಟ್ ಮಾತ್ರ ಕೊಡಬೇಡಿ. 5 ವೋಲ್ಟಿನ ಎಲ್‌ಇಡಿ ಸಾಕು. ಡಯಲ್ಲನ್ನೂ ಕೀಳಬೇಡಿ, ಮನೆಗೆ ಬಂದ ಮಕ್ಕಳಿಗೆ ತಿರುಗಿಸಲು ಬೇಕು.